ಆಂಬುಲೆನ್ಸ್ ಬರುವ ಮೊದಲೇ ಬರೆದಿಡಿ

108ಕ್ಕೆ ಫೋನ್ ಮಾಡಬೇಕೆಂದು ಇಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. 2008ರ ನವೆಂಬರ್ 1ರಂದು ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಈ ಸೇವೆ ಕರ್ನಾಟಕದಲ್ಲಿ ಆರಂಭವಾಯಿತು. ಆ ಮೂರು ಅಂಕಿಗಳು ಈಗ ಮನೆಯ ಮಕ್ಕಳಿಗೂ ಬಾಯಿಪಾಠ. ಆದರೆ ಗಾಡಿ ಬಂದು ಬಾಗಿಲಲ್ಲಿ ನಿಂತ ಮೇಲೆ ನಡೆಯುವ ಮಾತುಕತೆಗೆ ನಮ್ಮ ಹೆಚ್ಚಿನ ಮನೆಗಳು ಸಿದ್ಧವಾಗಿರುವುದಿಲ್ಲ. “ಇವರಿಗೆ ಏನೇನು ಕಾಯಿಲೆ ಇದೆ? ಯಾವ ಮಾತ್ರೆ ತಗೊಳ್ತಾರೆ?” ಎಂದು ಆಂಬುಲೆನ್ಸ್‌ನವರು ಕೇಳುತ್ತಾರೆ. ಮಗ ಹೆಂಡತಿಯ ಮುಖ ನೋಡುತ್ತಾನೆ, ಅವಳು ಅತ್ತೆಯ ಮುಖ ನೋಡುತ್ತಾಳೆ. ಕೊನೆಗೆ ಬರುವ ಉತ್ತರ: “ಬಿಪಿ, ಶುಗರ್ ಇದೆ. ಒಂದು ಬಿಳಿ ಮಾತ್ರೆ, ಒಂದು ಗುಲಾಬಿ ಮಾತ್ರೆ.”

ಶಿವಮೊಗ್ಗದ ಗಾಂಧಿ ಬಜಾರ್‌ನಲ್ಲಿ ಕುಳಿತು ರೋಗಿಗಳನ್ನು ನೋಡುವ ಯುನಾನಿ ವೈದ್ಯನಾದ ನನಗೂ ಇದೇ ಉತ್ತರ ದಿನವೂ ಸಿಗುತ್ತದೆ. ಕ್ಲಿನಿಕ್‌ನಲ್ಲಾದರೆ “ನಾಳೆ ಬರುವಾಗ ಮಾತ್ರೆಯ ಚೀಟಿ ತನ್ನಿ” ಎಂದು ಹೇಳಿ ಕಳಿಸಬಹುದು. ಆಂಬುಲೆನ್ಸ್‌ನವರಿಗೆ ಆ ಅವಕಾಶವಿಲ್ಲ.

ಈಗ ಎಲ್ಲೆಲ್ಲೂ ಕಂಪ್ಯೂಟರ್ ದಾಖಲೆಯ ಮಾತು. ರೋಗಿಯ ವಿವರವೆಲ್ಲ ಆಂಬುಲೆನ್ಸ್‌ನ ಟ್ಯಾಬ್‌ನಲ್ಲೇ ಕಾಣುವ ಕಾಲ ಬರಲಿದೆ ಎಂದು ಹೇಳುತ್ತಾರೆ. ಬರಲಿ, ಅದು ಒಳ್ಳೆಯದೇ. ಆದರೆ ಮನೆಯವರಿಗೆ ಗೊತ್ತಿಲ್ಲದ, ವೈದ್ಯನು ಬರೆದಿಡದ, ರೋಗಿ ಮುಚ್ಚಿಟ್ಟ ವಿಷಯ ಯಾವ ಕಂಪ್ಯೂಟರಿನಲ್ಲೂ ಇರುವುದಿಲ್ಲ. ಆದ್ದರಿಂದ ಈ ದಾಖಲೆಯ ಮೊದಲ ಪುಟ ನಮ್ಮ ಮನೆಯಲ್ಲೇ ಬರೆಯಬೇಕಾದದ್ದು ಎಂಬುದು ನನ್ನ ಅಭಿಪ್ರಾಯ.

ಗಾಡಿಯೊಳಗೆ ಏನು ಬರೆಯುತ್ತಾರೆ?

108ರ ಗಾಡಿಯಲ್ಲಿ ಇಬ್ಬರಿರುತ್ತಾರೆ. ಗಾಡಿ ಓಡಿಸುವವರನ್ನು ಪೈಲಟ್ ಎನ್ನುತ್ತಾರೆ. ರೋಗಿಯನ್ನು ನೋಡಿಕೊಳ್ಳುವವರು ಇಎಂಟಿ, ಅಂದರೆ ತುರ್ತು ಚಿಕಿತ್ಸೆಯ ತರಬೇತಿ ಪಡೆದ ತಂತ್ರಜ್ಞರು. ಇವರು ಡಾಕ್ಟರ್ ಅಲ್ಲ. ಬೇಕಾದಾಗ ಕರೆ ಕೇಂದ್ರದಲ್ಲಿರುವ ವೈದ್ಯರೊಡನೆ ಫೋನ್‌ನಲ್ಲಿ ಮಾತನಾಡಿ ಅವರ ಸಲಹೆಯಂತೆ ಔಷಧ ಕೊಡುತ್ತಾರೆ. ಆ ವೈದ್ಯರು ನಿಮ್ಮ ಅಬ್ಬಾರನ್ನು ಕಣ್ಣಾರೆ ಕಂಡಿರುವುದಿಲ್ಲ. ಇಎಂಟಿ ಹೇಳಿದ್ದೇ ಅವರಿಗೆ ಆಧಾರ, ಇಎಂಟಿಗೆ ನೀವು ಹೇಳಿದ್ದೇ ಆಧಾರ.

ನಾಡಿ, ರಕ್ತದೊತ್ತಡ, ಉಸಿರಾಟ, ಆಮ್ಲಜನಕದ ಮಟ್ಟ, ಸಕ್ಕರೆ – ಇವನ್ನು ಅವರೇ ಅಳೆದು ಬರೆದುಕೊಳ್ಳುತ್ತಾರೆ. ಉಳಿದದ್ದಕ್ಕೆ ತುರ್ತು ಚಿಕಿತ್ಸೆಯ ತರಬೇತಿಯಲ್ಲಿ ಆರು ಪ್ರಶ್ನೆಗಳನ್ನು ಕಲಿಸುತ್ತಾರೆ. ಈಗಿನ ತೊಂದರೆ ಏನು? ಯಾವುದಾದರೂ ಔಷಧ ಅಥವಾ ಆಹಾರ ಒಗ್ಗುವುದಿಲ್ಲವೇ? ಯಾವ ಔಷಧ ತೆಗೆದುಕೊಳ್ಳುತ್ತಿದ್ದಾರೆ? ಹಿಂದಿನ ಕಾಯಿಲೆ, ಆಪರೇಷನ್ ಏನಿದೆ? ಕೊನೆಯ ಬಾರಿ ತಿಂದದ್ದು, ಕುಡಿದದ್ದು ಯಾವಾಗ? ಇದು ಶುರುವಾಗುವ ಮೊದಲು ಏನು ಮಾಡುತ್ತಿದ್ದರು? ಕಾಗದದ ನಮೂನೆಯಾಗಲಿ, ಟ್ಯಾಬ್ ಆಗಲಿ, ಕೇಳುವುದು ಇದನ್ನೇ. ಆಸ್ಪತ್ರೆಯಲ್ಲಿ ರೋಗಿಯನ್ನು ಒಪ್ಪಿಸುವಾಗ ಈ ದಾಖಲೆಯನ್ನೂ ಒಪ್ಪಿಸಿ ಸಹಿ ಪಡೆಯುತ್ತಾರೆ. ಮೆಗ್ಗಾನ್ ಆಸ್ಪತ್ರೆಯ ತುರ್ತು ವಿಭಾಗದ ವೈದ್ಯರು ನಿಮ್ಮವರ ಬಗ್ಗೆ ಮೊದಲು ತಿಳಿಯುವುದು ಇದರಿಂದಲೇ.

ಒಂದು ಉದಾಹರಣೆ ಹೇಳುತ್ತೇನೆ. ಪಾರ್ಶ್ವವಾಯು ಹೊಡೆದಾಗ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಈ ಲೆಕ್ಕ ಶುರುವಾಗುವುದು ನೀವು ಅವರನ್ನು ಬಿದ್ದ ಸ್ಥಿತಿಯಲ್ಲಿ ಕಂಡಾಗಿನಿಂದಲ್ಲ. ಅವರು ಕೊನೆಯ ಬಾರಿ ಸರಿಯಾಗಿದ್ದುದನ್ನು ಯಾರಾದರೂ ನೋಡಿದ ಗಳಿಗೆಯಿಂದ. “ಫಜ್ರ್ ನಮಾಜ್‌ಗೆ ಎದ್ದಿದ್ದರು, ಆರು ಗಂಟೆಗೆ ಚಹಾ ಕುಡಿದರು, ಏಳಕ್ಕೆ ಮಾತು ತೊದಲಿತು” ಎಂದು ಒಬ್ಬರು ಹೇಳಿದರೆ ಒಂದು ಚಿಕಿತ್ಸೆಯ ಬಾಗಿಲು ತೆರೆದಿರುತ್ತದೆ. “ಬೆಳಿಗ್ಗೆ ಯಾವಾಗಲೋ” ಎಂದರೆ ಅದು ಮುಚ್ಚಿಹೋಗಬಹುದು. ಅವರು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ ಎಂಬುದೂ ಅಷ್ಟೇ ಮುಖ್ಯ; ಆ ಮಾತ್ರೆಯಿದ್ದರೆ ಈ ಇಂಜೆಕ್ಷನ್‌ನಿಂದ ರಕ್ತಸ್ರಾವದ ಅಪಾಯ ಹೆಚ್ಚಬಹುದು.

ಒಬ್ಬರಿಗೆ ಎಷ್ಟು ಹೆಸರು?

ಕಂಪ್ಯೂಟರ್ ದಾಖಲೆಗೆ ಮೊದಲು ಬೇಕಾದದ್ದು ಹೆಸರು. ನಮ್ಮ ಸಮುದಾಯದ ಕಷ್ಟ ಇಲ್ಲಿಂದಲೇ ಶುರುವಾಗುತ್ತದೆ. ಆಧಾರ್‌ನಲ್ಲಿ ‘ಶಾಹಿದಾ ಬಾನು’, ರೇಷನ್ ಕಾರ್ಡ್‌ನಲ್ಲಿ ‘ಶಹೀದಾ ಬಿ’, ತಾಯಿ ಕಾರ್ಡ್‌ನಲ್ಲಿ ‘ಶಾಹೇದ ಬೇಗಂ’. ಗಂಡಸರಲ್ಲಿ ಒಂದು ಕಡೆ ‘ಮೊಹಮ್ಮದ್’, ಇನ್ನೊಂದು ಕಡೆ ‘ಮಹಮ್ಮದ್’, ಮತ್ತೊಂದು ಕಡೆ ಬರೀ ‘ಎಂ.ಡಿ.’ ಓಣಿಯಲ್ಲಿ ಕರೆಯುವ ಹೆಸರು ಇದ್ಯಾವುದೂ ಅಲ್ಲದೆ ‘ಬಾಬು’, ‘ಚಾಂದ್’, ‘ಮುನ್ನಿ’. ಹುಟ್ಟಿದ ತಾರೀಖಂತೂ ಹಿರಿಯರಲ್ಲಿ ಅನೇಕರಿಗೆ ಜನವರಿ 1. ಮನುಷ್ಯರಿಗೆ ಇವರೆಲ್ಲ ಒಬ್ಬರೇ ಎಂದು ಗೊತ್ತಾಗುತ್ತದೆ. ಯಂತ್ರ ಇವರನ್ನು ಮೂವರೆಂದು ತಿಳಿಯಬಹುದು. ಆಗ ಕಳೆದ ವರ್ಷದ ಹೃದಯದ ತಪಾಸಣೆ ಒಬ್ಬರ ಹೆಸರಿನಲ್ಲಿ, ಇವತ್ತಿನ ಎದೆನೋವು ಇನ್ನೊಬ್ಬರ ಹೆಸರಿನಲ್ಲಿ ಉಳಿಯುತ್ತದೆ.

ಇನ್ನೊಂದು ಅಭ್ಯಾಸ: ಮನೆಯ ಹೆಣ್ಣುಮಕ್ಕಳ ಪರವಾಗಿ ಗಂಡಸರೇ ಉತ್ತರ ಕೊಡುವುದು. ಹೆಂಡತಿಯ ಹಿಂದಿನ ಹೆರಿಗೆ ಸಿಸೇರಿಯನ್ ಎಂಬುದು ಗಂಡನಿಗೆ ನೆನಪಿರುತ್ತದೆ. ರಕ್ತದ ಗುಂಪು ನೆಗೆಟಿವ್ ಎಂಬುದು ನೆನಪಿರುವುದಿಲ್ಲ. ಮುಟ್ಟು ನಿಂತು ಎಷ್ಟು ದಿನವಾಯಿತು ಎಂಬುದು ಅಣ್ಣನಿಗೆ ಗೊತ್ತಿರಲು ಸಾಧ್ಯವೇ ಇಲ್ಲ. ಹೊಟ್ಟೆನೋವಿನ ಹುಡುಗಿಗೆ ಗರ್ಭನಾಳದಲ್ಲಿ ಗರ್ಭ ನಿಂತಿದ್ದರೆ ಆ ಒಂದು ಉತ್ತರದ ಮೇಲೆ ಜೀವ ನಿಂತಿರುತ್ತದೆ. ಆಂಬುಲೆನ್ಸ್‌ನವರು ಪ್ರಶ್ನೆ ಕೇಳುವಾಗ ರೋಗಿಗೆ ಪ್ರಜ್ಞೆಯಿದ್ದರೆ ಅವರೇ ಮಾತನಾಡಲಿ. ಇಲ್ಲದಿದ್ದರೆ ವಿಷಯ ಗೊತ್ತಿರುವ ಹೆಂಗಸೊಬ್ಬರು ಮುಂದೆ ಬರಲಿ. ಇದು ನಾಚಿಕೊಳ್ಳುವ ಹೊತ್ತಲ್ಲ.

“ಯುನಾನಿ ದವಾ ತಾನೇ, ಅದನ್ನೇಕೆ ಹೇಳಬೇಕು?”

ಇದು ನನ್ನ ಪದ್ಧತಿಗೇ ಸಂಬಂಧಿಸಿದ ಮಾತಾದ್ದರಿಂದ ಬಿಡಿಸಿ ಹೇಳುತ್ತೇನೆ. “ಯಾವ ಮಾತ್ರೆ ತಗೊಳ್ತೀರಿ?” ಎಂದು ಕೇಳಿದಾಗ ಜನ ಇಂಗ್ಲಿಷ್ ಮಾತ್ರೆಗಳನ್ನಷ್ಟೇ ಹೇಳುತ್ತಾರೆ. ಹಕೀಮ್ ಸಾಬ್ ಕೊಟ್ಟ ಮಾಜೂನ್, ಕುಶ್ತಾ, ಚೂರ್ಣ ಅವರ ಲೆಕ್ಕದಲ್ಲಿ ಔಷಧವೇ ಅಲ್ಲ, “ಗಿಡಮೂಲಿಕೆ, ಏನೂ ಆಗಲ್ಲ.” ಏನೂ ಆಗದ ಔಷಧವಾದರೆ ಅದರಿಂದ ಗುಣವೂ ಆಗದು. ಗುಣ ಕೊಡುವ ಶಕ್ತಿ ಇರುವ ಮೂಲಿಕೆಗೆ ದೇಹದ ಮೇಲೆ ಪರಿಣಾಮ ಇದ್ದೇ ಇರುತ್ತದೆ.

ನಾವು ಅಸ್ರೋಲ್ ಎನ್ನುವ ಸರ್ಪಗಂಧದ ಬೇರನ್ನೇ ನೋಡಿ. ಇದರ ಸಂಶೋಧನೆಗೆ ಒತ್ತಾಸೆಯಾಗಿ ನಿಂತವರು ದೆಹಲಿಯ ಹಕೀಮ್ ಅಜ್ಮಲ್ ಖಾನ್. 1931ರಲ್ಲಿ ಸಲೀಮುಝ್ಝಮಾನ್ ಸಿದ್ದೀಕಿ ಅವರು ಈ ಬೇರಿನಿಂದ ಬೇರ್ಪಡಿಸಿದ ಒಂದು ಸತ್ವಕ್ಕೆ ಹಕೀಮರ ನೆನಪಿಗಾಗಿ ‘ಅಜ್ಮಲೀನ್’ ಎಂದೇ ಹೆಸರಿಟ್ಟರು. ಈ ಬೇರು ರಕ್ತದೊತ್ತಡ ಇಳಿಸುತ್ತದೆ, ನಾಡಿಯನ್ನು ನಿಧಾನಗೊಳಿಸುತ್ತದೆ. ಬಿಪಿಗೆ ಇಂಗ್ಲಿಷ್ ಮಾತ್ರೆಯ ಜೊತೆ ಇದನ್ನೂ ತೆಗೆದುಕೊಳ್ಳುವವರು ತಲೆಸುತ್ತಿ ಬಿದ್ದರೆ, ಬಿಪಿ ಏಕೆ ಇಷ್ಟು ಇಳಿದಿದೆ ಎಂಬುದು ಇಎಂಟಿಗೆ ಒಗಟಾಗುತ್ತದೆ. ಕೆಮ್ಮಿಗೆ ಬಳಸುವ ಜ್ಯೇಷ್ಠಮಧು ಕೂಡ ಹೆಚ್ಚು ದಿನ ಹೆಚ್ಚು ಪ್ರಮಾಣದಲ್ಲಿ ಸೇವಿಸಿದರೆ ಬಿಪಿ ಏರಿಸುತ್ತದೆ, ರಕ್ತದ ಪೊಟ್ಯಾಸಿಯಂ ಇಳಿಸುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆಯೂ ಅದರ ಜೊತೆ ಸೇರಿದರೆ ಎದೆಬಡಿತ ಏರುಪೇರಾಗಬಹುದು.

ಇದಕ್ಕಿಂತ ದೊಡ್ಡ ಅಪಾಯ ಹೆಸರಿಲ್ಲದ ಪೊಟ್ಟಣಗಳದು. ಸಂತೆಯಲ್ಲಿ, ಬಸ್ ಸ್ಟ್ಯಾಂಡ್‌ನಲ್ಲಿ, ಯಾರೋ ಊರಿನಿಂದ ತರಿಸಿಕೊಟ್ಟ ಕೀಲುನೋವಿನ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸುವ ದಂಧೆ ಇದೆ. ನೋವು ಎರಡೇ ದಿನದಲ್ಲಿ ಮಾಯವಾಗುತ್ತದೆ, ಸಕ್ಕರೆ ಏರುತ್ತದೆ. ತಿಂಗಳುಗಟ್ಟಲೆ ತಿಂದು ಒಮ್ಮೆಲೇ ನಿಲ್ಲಿಸಿದರೆ ಬಿಪಿ ಕುಸಿದು ಜೀವಕ್ಕೇ ಅಪಾಯವಾಗಬಹುದು. ಅಂಥ ಹೊತ್ತಿನಲ್ಲಿ ‘ಕೀಲುನೋವಿನ ಪುಡಿ ತಿನ್ನುತ್ತಿದ್ದರು, ನಾಲ್ಕು ದಿನದಿಂದ ನಿಲ್ಲಿಸಿದ್ದಾರೆ’ ಎಂಬ ಒಂದು ಸಾಲು ದಾಖಲೆಯಲ್ಲಿದ್ದರೆ ವೈದ್ಯರಿಗೆ ದಾರಿ ಕಾಣುತ್ತದೆ.

ಹೇಳಲೇಬೇಕಾದ ಇನ್ನೊಂದು ವಿಷಯವಿದೆ. ‘ಮರ್ದಾನಾ ತಾಕತ್ತು’ ಎಂದು ಮಾರುವ ಗುಳಿಗೆಗಳಲ್ಲಿ ಸಿಲ್ಡೆನಾಫಿಲ್ ಎಂಬ ಇಂಗ್ಲಿಷ್ ಔಷಧವನ್ನು ಗುಟ್ಟಾಗಿ ಬೆರೆಸಿರುವುದು ಪ್ರಪಂಚದ ಅನೇಕ ಕಡೆ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದೆ. ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಈ ಬಗ್ಗೆ ಮತ್ತೆ ಮತ್ತೆ ಎಚ್ಚರಿಕೆ ಕೊಟ್ಟಿದೆ. ಅದನ್ನು ತಿಂದವರಿಗೆ ಎದೆನೋವು ಬಂದು, ನಾಲಿಗೆಯ ಕೆಳಗೆ ಇಡುವ ನೈಟ್ರೇಟ್ ಮಾತ್ರೆ ಕೊಟ್ಟರೆ ರಕ್ತದೊತ್ತಡ ಪಾತಾಳಕ್ಕೆ ಇಳಿಯಬಹುದು. ಸಿಲ್ಡೆನಾಫಿಲ್ ತಿಂದು 24 ಗಂಟೆ, ಅದರದೇ ಜಾತಿಯ ಟಡಲಾಫಿಲ್ ತಿಂದು 48 ಗಂಟೆ ನೈಟ್ರೇಟ್ ಕೊಡಬಾರದು. ಹೆಂಡತಿ ಮಕ್ಕಳ ಎದುರು ಇದನ್ನು ಹೇಳಲು ಸಂಕೋಚ ಸಹಜ. ಹಾಗಾದರೆ ಇಎಂಟಿಯ ಕಿವಿಯಲ್ಲಿ ಹೇಳಿ. ಆತ ಬರೆದುಕೊಳ್ಳುತ್ತಾನೆ, ನಗುವುದಿಲ್ಲ.

ನಮ್ಮ ವೃತ್ತಿಯವರಲ್ಲೂ ಒಂದು ಮಾತು. ಔಷಧದ ಹೆಸರು ಬರೆಯದೆ ಪೊಟ್ಟಣ ಕಟ್ಟಿಕೊಡುವವರು ಇನ್ನೂ ಇದ್ದಾರೆ. ಇದಕ್ಕೆ ಯುನಾನಿ ಪರಂಪರೆಯ ಬೆಂಬಲವಿಲ್ಲ. ಸಾವಿರ ವರ್ಷಗಳ ಹಿಂದೆ ಅಬೂಬಕರ್ ಅಲ್ ರಾಝಿ ತಮ್ಮ ರೋಗಿಗಳ ವಿವರಗಳನ್ನು ಬರೆದಿಟ್ಟಿದ್ದರು. ಅವರ ಮರಣದ ನಂತರ ಆ ಟಿಪ್ಪಣಿಗಳು ಸೇರಿಯೇ ‘ಅಲ್ ಹಾವಿ’ ಎಂಬ ಬೃಹತ್ ಗ್ರಂಥವಾಯಿತು. ಈಗಂತೂ ನೆಪವೂ ಉಳಿದಿಲ್ಲ. ಆಯುರ್ವೇದ, ಸಿದ್ಧ, ಯುನಾನಿಯ ಕಾಯಿಲೆಗಳ ಹೆಸರುಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಸಂಕೇತ ಸಂಖ್ಯೆ ಕೊಡುವ ವಿಭಾಗವೊಂದು 2024ರ ಜನವರಿಯಲ್ಲಿ ದೆಹಲಿಯಲ್ಲಿ ಬಿಡುಗಡೆಯಾಗಿದೆ. ಅಂದರೆ ಕಂಪ್ಯೂಟರ್ ದಾಖಲೆಯಲ್ಲಿ ಯುನಾನಿಗೂ ಜಾಗವಿದೆ. ಹೆಸರು, ಪ್ರಮಾಣ, ಎಷ್ಟು ದಿನ ಎಂಬುದನ್ನು ಬರೆದುಕೊಡದ ಹಕೀಮರ ಬಳಿ, “ಬರೆದುಕೊಡಿ” ಎಂದು ಕೇಳುವ ಹಕ್ಕು ನಿಮಗಿದೆ. ಕೇಳಿದರೂ ಕೊಡದಿದ್ದರೆ ಆ ಔಷಧ ತಿನ್ನಬೇಡಿ.

ರೋಜಾ ಇದ್ದಾಗ

“ಕೊನೆಯ ಬಾರಿ ತಿಂದದ್ದು ಯಾವಾಗ?” ಎಂಬ ಪ್ರಶ್ನೆಗೆ ರಮಝಾನ್‌ನಲ್ಲಿ ವಿಶೇಷ ಅರ್ಥವಿದೆ. ಅಸರ್ ಹೊತ್ತಿಗೆ ಬೆವರಿ, ಕೈ ನಡುಗಿ, ಮಾತು ತಡವರಿಸಿ ಬಿದ್ದ ಸಕ್ಕರೆ ಕಾಯಿಲೆಯವರನ್ನು ನೋಡಿದರೆ ಪಾರ್ಶ್ವವಾಯು ಎಂದೇ ಅನಿಸಬಹುದು. ಸಕ್ಕರೆ 70ಕ್ಕಿಂತ ಕೆಳಗೆ ಇಳಿದಿರುವುದು ಅಲ್ಲಿ ನಿಜವಾದ ಕಾರಣವಾಗಿರಬಹುದು. ಇಎಂಟಿ ಬೆರಳು ಚುಚ್ಚಿ ನೋಡುತ್ತಾರೆ, ಗ್ಲೂಕೋಸ್ ಕೊಡುತ್ತಾರೆ, ರೋಗಿ ಕಣ್ಣು ಬಿಡುತ್ತಾರೆ. ಮನೆಯವರು “ಸರಿಹೋಯಿತು, ಆಸ್ಪತ್ರೆ ಬೇಡ” ಎನ್ನುತ್ತಾರೆ. ಇಲ್ಲೇ ಮಾತ್ರೆಯ ಹೆಸರು ಬೇಕಾಗುವುದು. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಜಾತಿಯ ಮಾತ್ರೆಗಳ ಪರಿಣಾಮ ಗಂಟೆಗಟ್ಟಲೆ ಇರುತ್ತದೆ. ಒಮ್ಮೆ ಏರಿದ ಸಕ್ಕರೆ ರಾತ್ರಿ ಮತ್ತೆ ಕುಸಿಯಬಹುದು. ‘ರೋಜಾ ಇದ್ದಾರೆ, ಸಹ್ರಿಗೆ ಇಂಥ ಮಾತ್ರೆ ತೆಗೆದುಕೊಂಡಿದ್ದಾರೆ’ ಎಂಬುದು ದಾಖಲೆಯಲ್ಲಿದ್ದರೆ ಆಸ್ಪತ್ರೆಯವರು ಅವರನ್ನು ರಾತ್ರಿ ಉಳಿಸಿಕೊಂಡು ನೋಡಿಕೊಳ್ಳುತ್ತಾರೆ.

ಕಾರ್ಡ್ ಇದ್ದರೆ ಸಾಕೇ?

ಕೇಂದ್ರ ಸರ್ಕಾರದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್ 27ರಂದು ದೇಶಕ್ಕೆಲ್ಲ ವಿಸ್ತರಣೆಯಾಯಿತು. ಅದರಡಿ ಪಡೆಯುವ 14 ಅಂಕಿಗಳ ‘ಆಭಾ’ ಸಂಖ್ಯೆಯಿಂದ ಬೇರೆ ಬೇರೆ ಆಸ್ಪತ್ರೆಯ ದಾಖಲೆಗಳನ್ನು ಒಂದಕ್ಕೊಂದು ಜೋಡಿಸಬಹುದು. ಭದ್ರಾವತಿಯ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿಕೊಂಡವರನ್ನು ರಾತ್ರಿ ಶಿವಮೊಗ್ಗಕ್ಕೆ, ಅಲ್ಲಿಂದ ಆಗುಂಬೆ ಘಾಟಿ ಇಳಿಸಿ ಮಣಿಪಾಲಕ್ಕೆ ಕೊಂಡೊಯ್ಯುವುದು ನಮಗೆ ಹೊಸದಲ್ಲ. ಪ್ರತಿ ಬಾಗಿಲಲ್ಲೂ ಅದೇ ಕಥೆಯನ್ನು ಮೊದಲಿನಿಂದ ಹೇಳಬೇಕು. ದಾಖಲೆ ಜೊತೆಗೇ ಬಂದರೆ ಎಷ್ಟು ಹೊತ್ತು ಉಳಿಯುತ್ತದೆ!

ಆದರೆ ಇಲ್ಲೊಂದು ಗಂಟಿದೆ. ಈ ವ್ಯವಸ್ಥೆಯಲ್ಲಿ ದಾಖಲೆ ನೋಡಲು ರೋಗಿಯ ಒಪ್ಪಿಗೆ ಬೇಕು. ಅದು ಮೊಬೈಲ್‌ನಲ್ಲಿ ಕೊಡುವಂಥದ್ದು. ಅದು ಸರಿಯಾದ ನಿಯಮವೇ. ಆದರೆ ಪ್ರಜ್ಞೆ ತಪ್ಪಿದವರು ಒಟಿಪಿ ಹೇಳಲಾರರು. ಇಂಗ್ಲೆಂಡ್‌ನಲ್ಲಿ ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಅಲ್ಲಿ ರೋಗಿಯ ಇಡೀ ಚರಿತ್ರೆಯಿಂದ ಬೇರೆಯಾಗಿ ಒಂದು ಸಾರಾಂಶ ಇರುತ್ತದೆ: ಈಗಿನ ಔಷಧಗಳು, ಒಗ್ಗದ ಔಷಧಗಳು, ಅವುಗಳಿಂದ ಆದ ತೊಂದರೆ. ಆಂಬುಲೆನ್ಸ್ ಸಿಬ್ಬಂದಿಗೂ ಅದನ್ನು ನೋಡುವ ಏರ್ಪಾಡಿದೆ. ಪ್ರಜ್ಞೆಯಿದ್ದರೆ ರೋಗಿಯನ್ನು ಕೇಳಿ ನೋಡುತ್ತಾರೆ, ಇಲ್ಲದಿದ್ದರೆ ತುರ್ತು ಕಾರಣಕ್ಕೆ ನೋಡುತ್ತಾರೆ. ನಮ್ಮಲ್ಲೂ ಇಷ್ಟೇ ಸಣ್ಣ ಕಿಟಕಿ ಸಾಕು. ಆಭಾ ಕಾರ್ಡ್ ಹೊರರೋಗಿ ಚೀಟಿಯ ಸಾಲು ತಪ್ಪಿಸಲು ಮಾತ್ರ ಬಳಕೆಯಾದರೆ ಅದರ ಅರ್ಧ ಪ್ರಯೋಜನವೂ ಆಗಲಿಲ್ಲ. 108ರ ಇಎಂಟಿಗೆ ಈ ಸಾರಾಂಶ ಕಾಣಬೇಕು, ಯಾರು ಯಾವಾಗ ನೋಡಿದರೆಂಬ ಗುರುತು ಉಳಿಯಬೇಕು, ಅದು ರೋಗಿಗೆ ತಿಳಿಯಬೇಕು. ಇದನ್ನು ನಮ್ಮ ಶಾಸಕರ ಮುಂದೆ, ಆರೋಗ್ಯ ಇಲಾಖೆಯ ಮುಂದೆ ನಾವು ಕೇಳಬೇಕು.

“ನಮ್ಮ ವಿವರ ಯಾರ ಕೈಗೋ ಸಿಕ್ಕಿದರೆ?” ಎಂಬ ಭಯ ನಮ್ಮವರಲ್ಲಿದೆ. ಅದನ್ನು ಅಜ್ಞಾನ ಎಂದು ತಳ್ಳಿಹಾಕುವವನು ನಾನಲ್ಲ. ರೋಗಿಯ ಗುಟ್ಟು ಒಂದು ಅಮಾನತ್. ಕಾಗದದಲ್ಲಿದ್ದರೂ ಕಂಪ್ಯೂಟರಿನಲ್ಲಿದ್ದರೂ ಅದನ್ನು ಕಾಯುವುದು ಇಟ್ಟುಕೊಂಡವರ ಹೊಣೆ. ಆಭಾ ಮಾಡಿಸುವುದು ಕಡ್ಡಾಯವಲ್ಲ, ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಲೂಬಹುದು. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೆ ಸಂಸತ್ತು ಕಾಯ್ದೆಯನ್ನೂ ಮಾಡಿದೆ. ಜೀವಕ್ಕೆ ಅಪಾಯವಿರುವ ತುರ್ತಿನಲ್ಲಿ ಒಪ್ಪಿಗೆಗೆ ಕಾಯದೆ ಮಾಹಿತಿ ಬಳಸಲು ಅದರಲ್ಲಿ ಅವಕಾಶವಿದೆ. ಪ್ರಶ್ನೆ ಕೇಳುತ್ತಲೇ ಇರೋಣ. ಆದರೆ ಭಯದಿಂದ ಪೆನಿಸಿಲಿನ್ ಒಗ್ಗದ ವಿಷಯವನ್ನೂ ಮುಚ್ಚಿಟ್ಟರೆ ನಷ್ಟ ನಮಗೇ.

ಯಂತ್ರ ಕೈಕೊಟ್ಟಾಗ

2022ರ ಸೆಪ್ಟೆಂಬರ್ ಕೊನೆಯಲ್ಲಿ 108ರ ಕರೆ ಕೇಂದ್ರದಲ್ಲಿ ತಾಂತ್ರಿಕ ದೋಷ ಉಂಟಾಗಿ ರಾಜ್ಯದಲ್ಲಿ ಸೇವೆಗೆ ಅಡಚಣೆಯಾದದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಇದು ಕಂಪ್ಯೂಟರ್ ಬೇಡ ಎನ್ನಲು ಕಾರಣವಲ್ಲ. ಅದರ ಪಕ್ಕದಲ್ಲಿ ಕಾಗದವೂ ಇರಬೇಕು ಎನ್ನಲು ಕಾರಣ. ಮಲೆನಾಡಿನಲ್ಲಂತೂ ತೀರ್ಥಹಳ್ಳಿ ದಾಟಿದರೆ ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ, ಎಲ್ಲಿ ಹೋಗುತ್ತದೆ ಎಂಬುದು ದಾರಿ ಗೊತ್ತಿದ್ದವರಿಗೆ ಗೊತ್ತು.

ಇನ್ನು, ನಮ್ಮಲ್ಲಿ ಎಲ್ಲ ರೋಗಿಗಳೂ 108ರಲ್ಲೇ ಹೋಗುವುದಿಲ್ಲ. ಗಾಂಧಿ ಬಜಾರ್‌ನ ಅಡ್ಡರಸ್ತೆಗಳಲ್ಲಿ ಸಂಜೆ ಹೊತ್ತು ದೊಡ್ಡ ಗಾಡಿ ನುಗ್ಗುವುದೇ ಕಷ್ಟ. ಕೈಗೆ ಸಿಕ್ಕ ಆಟೋದಲ್ಲಿ ಹಾಕಿಕೊಂಡು ಓಡುತ್ತೇವೆ. ಊರೂರಲ್ಲಿ ಜಮಾಅತ್‌ಗಳು, ಯುವಕರ ಸಂಘಗಳು ಆಂಬುಲೆನ್ಸ್ ಇಟ್ಟಿವೆ. ಅದು ದೊಡ್ಡ ಸೇವೆ. ಆದರೆ ಅಂಥ ಅನೇಕ ಗಾಡಿಗಳಲ್ಲಿ ಇರುವುದು ಡ್ರೈವರ್ ಒಬ್ಬರೇ. ದಾರಿಯಲ್ಲಿ ಏನಾಯಿತು ಎಂದು ಬರೆಯುವವರಿಲ್ಲ. ಕಮಿಟಿಯವರಲ್ಲಿ ನನ್ನ ವಿನಂತಿ: ಗಾಡಿಯಲ್ಲಿ ಒಂದು ನಮೂನೆ ಪುಸ್ತಕ ಇಡಿ. ಹೊರಟ ಹೊತ್ತು, ತಲುಪಿದ ಹೊತ್ತು, ರೋಗಿಯ ಹೆಸರು, ಕಾಯಿಲೆ, ಔಷಧ, ಒಗ್ಗದ್ದು, ದಾರಿಯಲ್ಲಿ ವಾಂತಿ, ಫಿಟ್ಸ್, ಪ್ರಜ್ಞೆ ತಪ್ಪಿದ್ದು – ಒಂದೇ ಪುಟ. ಜೊತೆಗೆ ಬಂದವರು ತುಂಬಲಿ, ಪ್ರತಿಯನ್ನು ಆಸ್ಪತ್ರೆಗೆ ಕೊಡಲಿ. ಮೊಬೈಲ್‌ನಲ್ಲಿ ಅದರ ಫೋಟೋ ಇರಲಿ. ಹೊಸ ಗಾಡಿ ಕೊಳ್ಳಲು ಚಂದಾ ಎತ್ತುವ ನಮಗೆ ಇದಕ್ಕೆ ತಗಲುವ ಖರ್ಚು ಹೆಚ್ಚೇನಲ್ಲ.

ಈ ವಾರವೇ ಮಾಡಿ

ಮನೆಯಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಹಾಳೆ ತೆಗೆದುಕೊಳ್ಳಿ. ಹಿರಿಯರಿಂದ ಶುರುಮಾಡಿ.

1. ಆಧಾರ್‌ನಲ್ಲಿರುವಂತೆಯೇ ಹೆಸರು, ವಯಸ್ಸು, ರಕ್ತದ ಗುಂಪು, ಇಬ್ಬರ ಫೋನ್ ನಂಬರ್ ಬರೆಯಿರಿ.

2. ಇರುವ ಕಾಯಿಲೆ, ಆದ ಆಪರೇಷನ್, ಹಾಕಿದ ಸ್ಟೆಂಟ್ ಬರೆಯಿರಿ.

3. ಮಾತ್ರೆಯ ಬಣ್ಣ ಬರೆಯಬೇಡಿ, ಹೆಸರು ಬರೆಯಿರಿ. ಓದಲು ಬಾರದಿದ್ದರೆ ಮಾತ್ರೆಯ ಪಟ್ಟಿಯ ಫೋಟೋ ತೆಗೆದಿಡಿ. ಯುನಾನಿ, ಆಯುರ್ವೇದ, ಹೋಮಿಯೋಪತಿ, ಮನೆಮದ್ದು ಎಲ್ಲವೂ ಅದರಲ್ಲಿರಲಿ.

4. ಒಗ್ಗದ ಔಷಧವನ್ನು ಕೆಂಪು ಶಾಯಿಯಲ್ಲಿ ಬರೆಯಿರಿ.

5. ಗರ್ಭಿಣಿಯಿದ್ದರೆ ತಾಯಿ ಕಾರ್ಡ್ ಅದೇ ಜಾಗದಲ್ಲಿರಲಿ.

6. ಹಾಳೆಯನ್ನು ಫ್ರಿಜ್ ಬಾಗಿಲಿಗೋ ಅಡುಗೆಮನೆಯ ಕಪಾಟಿನ ಒಳಬದಿಗೋ ಅಂಟಿಸಿ. ಬೀರುವಿನಲ್ಲಿ ಬೀಗ ಹಾಕಿ ಇಟ್ಟರೆ ಉಪಯೋಗವಿಲ್ಲ. ಒಂದು ಪ್ರತಿ ಅವರ ಜೇಬಿನಲ್ಲಿ ಅಥವಾ ಪರ್ಸ್‌ನಲ್ಲಿರಲಿ. ಸ್ಮಾರ್ಟ್‌ಫೋನ್‌ನಲ್ಲಿ ಲಾಕ್ ತೆಗೆಯದೆಯೇ ಕಾಣುವ ತುರ್ತು ಮಾಹಿತಿಯ ಜಾಗವಿದೆ. ಮನೆಯ ಹುಡುಗರಿಗೆ ಹೇಳಿ ತುಂಬಿಸಿ.

7. ಔಷಧ ಬದಲಾದ ದಿನವೇ ಹಾಳೆಯನ್ನೂ ಬದಲಿಸಿ. ಹಳೆಯ ಹಾಳೆ ದಾರಿ ತಪ್ಪಿಸುತ್ತದೆ.

ಆಂಬುಲೆನ್ಸ್ ಬಂದಾಗ ಈ ಹಾಳೆಯನ್ನು ಇಎಂಟಿಯ ಕೈಗೆ ಕೊಡಿ, ಜೊತೆಗೆ ಮಾತ್ರೆಯ ಚೀಲವನ್ನೂ ಕೊಡಿ. ಅವರು ಬರೆದುಕೊಂಡದ್ದನ್ನು ಓದಿ ಹೇಳಲು ಕೇಳಿ. ಇಂದು ಅವರು ಅದನ್ನು ಕಾಗದಕ್ಕೆ ಇಳಿಸಬಹುದು, ನಾಳೆ ಟ್ಯಾಬ್‌ಗೆ ಇಳಿಸಬಹುದು. ಎರಡಕ್ಕೂ ಬೇಕಾದ ವಿವರ ನಿಮ್ಮ ಬಳಿಯೇ ಇದೆ.